ಬಾಲ್ಕನಿಗೆ ಗಾಜು ಹಾಕಿಸುವ ಮುನ್ನ

ಮಾಟುಂಗದ ಭಾವು ದಾಜಿ ರಸ್ತೆಯಲ್ಲೋ ದಾದರಿನ ಹಿಂದೂ ಕಾಲನಿಯಲ್ಲೋ ಒಮ್ಮೆ ತಲೆಯೆತ್ತಿ ನಡೆದು ನೋಡಬೇಕು. 1930-40ರ ದಶಕಗಳ ಕಟ್ಟಡಗಳು. ಮೂಲೆಯಲ್ಲಿ ದುಂಡಗೆ ತಿರುಗಿದ ಬಾಲ್ಕನಿಗಳು, ಅವುಗಳ ಮೇಲೆ ಉದ್ದನೆಯ ಸಜ್ಜಾ. ಇವುಗಳಲ್ಲಿ ಎಷ್ಟು ಬಾಲ್ಕನಿಗಳು ಇನ್ನೂ ಬಾಲ್ಕನಿಗಳಾಗಿ ಉಳಿದಿವೆ? ಮೊದಲ ಮಹಡಿಯವರದು ಕಪ್ಪು ಗಾಜು, ಎರಡನೆಯವರದು ನೀಲಿ ಗಾಜು, ಮೇಲಿನವರದು ನೆಲದಿಂದ ಸೂರಿನವರೆಗೆ ಒಂದೇ ಹಲಗೆ. ಮುಲುಂಡ, ಗೋರೆಗಾಂವ, ಡೊಂಬಿವಿಲಿಯ ಹಳೆಯ ಸೊಸೈಟಿಗಳಲ್ಲೂ ಇದೇ ನೋಟ. ಇದಕ್ಕೆಲ್ಲ ಮನೆಯನ್ನು ದೊಡ್ಡದು ಮಾಡುವುದೆಂದು ಹೆಸರು.

ಜಾಗ ಸಾಲದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎರಡು ಕೋಣೆಯಲ್ಲಿ ಆರು ಜನ. ಮಗಳಿಗೆ ಹತ್ತನೆಯ ಪರೀಕ್ಷೆ. ಊರಿನಿಂದ ಅಮ್ಮ ಬಂದರೆ ಮಂಚ ಹಾಕಲು ಸ್ಥಳವಿಲ್ಲ. ಇಂಥವರು ಬಾಲ್ಕನಿಯನ್ನು ಒಳಗೆ ಸೇರಿಸಿಕೊಂಡರೆ ತಪ್ಪೆನ್ನುವ ಧೈರ್ಯ ಈ ನಗರದಲ್ಲಿ ಸಂಸಾರ ಮಾಡಿದ ಯಾರಿಗೂ ಬಾರದು. 1991ರ ಅಭಿವೃದ್ಧಿ ನಿಯಮಾವಳಿಯೂ ಮಹಾನಗರಪಾಲಿಕೆಯ ಅನುಮತಿ ಪಡೆದು ಬಾಲ್ಕನಿಯನ್ನು ಮುಚ್ಚಿಕೊಳ್ಳಲು ದಾರಿ ಕೊಟ್ಟಿತ್ತು. ನಮ್ಮ ತಕರಾರು ಇರುವುದು ಆ ಜಾಗವನ್ನು ಗಾಜಿನ ಪೆಟ್ಟಿಗೆ ಮಾಡುವುದರ ಬಗ್ಗೆ.

ಈ ಬಡಾವಣೆಗಳು ಹುಟ್ಟಿದ್ದು ಹೇಗೆಂಬುದನ್ನು ನೆನೆಯೋಣ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಕೋಣೆಗಳೇ ಈ ಮಾರಿಗೆ ನೆಲೆ ಎಂದು ಆಳುವವರು ತಿಳಿದರು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. (ಅದು ಬಡವರ ಮನೆಗಳನ್ನು ಕೆಡವಿ ಬೈಸಿಕೊಂಡದ್ದು ಬೇರೆಯೇ ಕಥೆ.) ಆ ಟ್ರಸ್ಟಿನವರು 63½ ಡಿಗ್ರಿಯ ನಿಯಮವೊಂದನ್ನು ಪ್ರತಿಪಾದಿಸಿದರು. ಕಿಟಕಿಯ ಬುಡದಿಂದ ನೋಡಿದಾಗ ಎದುರಿನ ಕಟ್ಟಡ ಆ ಕೋನಕ್ಕಿಂತ ಮೇಲೇಳಬಾರದು. ತ್ರಿಕೋನಮಿತಿಯನ್ನು ಪೂರ್ತಿ ಮರೆಯದವರಿಗೆ ಗೊತ್ತು, ಅದರ ಟ್ಯಾಂಜೆಂಟ್ ಸುಮಾರು 2. ಅಂದರೆ ಎತ್ತರದ ಅರ್ಧದಷ್ಟಾದರೂ ಬಯಲು ನಡುವೆ ಇರಬೇಕು. ದಾದರ-ಮಾಟುಂಗದ ಅಗಲ ರಸ್ತೆಗಳು, ಫೈವ್ ಗಾರ್ಡನ್ಸ್, ಮಹಡಿ ಮಹಡಿಗೂ ಬಾಲ್ಕನಿ, ಎಲ್ಲವೂ ಗಾಳಿ ಬೆಳಕು ಬೇಕೆಂಬ ಆ ಕಾಲದ ಹಂಬಲದಿಂದ ಬಂದವು. ಅಜ್ಜನ ಕಾಲದವರು ಸಾವು ನೋವು ಕಂಡು ಪಡೆದ ಗಾಳಿಗೆ ನಾವು ಕೈಯಿಂದ ದುಡ್ಡು ಕೊಟ್ಟು ತಡೆ ಹಾಕಿಸುತ್ತಿದ್ದೇವೆ!

ಗಾಜಿನ ಅಂಗಡಿಯವನು ಹೇಳದ ಒಂದು ಲೆಕ್ಕವಿದೆ. ಎರಡು ಹಳಿಯ ಸ್ಲೈಡಿಂಗ್ ಕಿಟಕಿಯನ್ನು ಎಷ್ಟೇ ಸರಿಸಿದರೂ ತೆರೆಯುವುದು ಅರ್ಧ ಮಾತ್ರ. ಉಳಿದರ್ಧ ಯಾವಾಗಲೂ ಮುಚ್ಚಿದ್ದೇ. ಹತ್ತಡಿ ಅಗಲದ ಬಾಲ್ಕನಿಯಲ್ಲಿ ಐದಡಿ ಗಾಳಿ ಆವತ್ತೇ ಹೋಯಿತು. ಒಳಗಿನ ಹಾಲಿಗೆ ಆಮೇಲೆ ಸಿಗುವುದು ಈ ಪೆಟ್ಟಿಗೆಯಲ್ಲಿ ಕಾದು ಬಂದ ಗಾಳಿ. ಬಿಸಿಲು ಗಾಜನ್ನು ಸಲೀಸಾಗಿ ದಾಟುತ್ತದೆ. ಕಾದ ನೆಲ, ಗೋಡೆ, ಸೋಫಾ ಹೊರಸೂಸುವ ಶಾಖ ಅದೇ ಗಾಜನ್ನು ದಾಟಲಾರದು. ಕಪ್ಪು ಗಾಜು ಹಾಕಿಸಿದರೆ ಗಾಜೇ ಬಿಸಿಲನ್ನು ಹೀರಿ ಕಾದು ಒಂದಷ್ಟು ಶಾಖವನ್ನು ಒಳಗೆ ತಳ್ಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆಯಲ್ಲಂತೂ ಸಂಜೆ ನಾಲ್ಕಕ್ಕೆ ಸಜ್ಜಾದ ಕೆಳಗಿನಿಂದ ನುಗ್ಗುವ ಬಿಸಿಲನ್ನು ತಡೆಯುವವರೇ ಇಲ್ಲ. ಸಮುದ್ರದ ಗಾಳಿ ಬರುವುದೂ ಅದೇ ದಿಕ್ಕಿನಿಂದ, ಅದೇ ಹೊತ್ತಿಗೆ! ಆಗ ಎ.ಸಿ. ಬೇಕಾಗುತ್ತದೆ, ಎ.ಸಿ. ಬಂತೆಂದು ಇರುವ ಅರ್ಧವನ್ನೂ ಮುಚ್ಚಬೇಕಾಗುತ್ತದೆ.

ಲಂಡನ್ನಿನಲ್ಲಿರುವ ಮಗ ಅಥವಾ ಅಳಿಯ ಕಳಿಸಿದ ಫೋಟೋ ನೋಡಿ ಈ ಆಸೆ ಹುಟ್ಟಿದ ಮನೆಗಳೂ ಉಂಟು. ಅಲ್ಲಿ ಸಾಲುಮನೆಗಳ ಹಿಂಬದಿಗೆ ಗಾಜಿನ ಕೋಣೆಯನ್ನು ಜೋಡಿಸುತ್ತಾರೆ. ಅವರು ಮಾಡುವುದು ಸರಿಯೇ. 51½ ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಮಧ್ಯಾಹ್ನ ಸೂರ್ಯ ಏರುವುದು ಬರೀ 15 ಡಿಗ್ರಿ. ಅವರಿಗೆ ಬಿಸಿಲು ತುಪ್ಪದಷ್ಟು ತುಟ್ಟಿ. ನಮ್ಮದು 19 ಡಿಗ್ರಿ. ಮೇ ನಡುವಿನಲ್ಲೊಮ್ಮೆ, ಜುಲೈ ಕೊನೆಗೊಮ್ಮೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಅವರ ಔಷಧಿ ನಮ್ಮ ರೋಗಕ್ಕೆ ಹೊಂದೀತೆ?

ಧೂಳು, ಮಳೆ, ಪಾರಿವಾಳ ಎಂದು ಕೆಲವರು ಹೇಳುತ್ತಾರೆ. ನಿಜವೇ. ಆದರೆ ಅವನ್ನೆಲ್ಲ ಬೇಕಾದಾಗ ಮುಚ್ಚಿ, ಬೇಡವಾದಾಗ ಪೂರ್ತಿ ತೆರೆಯುವ ಬಾಗಿಲುಗಳೂ ತಡೆಯುತ್ತವೆ. ಹಳೆಯ ಕಟ್ಟಡಗಳಲ್ಲಿ ಮರದ ಪಟ್ಟಿಗಳ ಕಿಟಕಿ ಬಾಗಿಲು, ಬಾಗಿಲ ಮೇಲೆ ವೆಂಟಿಲೇಟರ್ ಇದ್ದದ್ದು ಇದಕ್ಕೇ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದರೂ ಪಟ್ಟಿಗಳ ಸಂದಿಯಿಂದ ಉಸಿರಾಡಬಹುದಿತ್ತು. ಅವನ್ನು ಕಿತ್ತು ಭಂಗಾರಿನವನಿಗೆ ಕೊಟ್ಟಾಯಿತು.

ಇದಕ್ಕಿಂತ ಭಯಪಡಬೇಕಾದ ಸಂಗತಿ ಇನ್ನೊಂದು. ಬಾಲ್ಕನಿ ಮುಚ್ಚಿದ ಮೇಲೆ ಹಾಲು ವಿಶಾಲವಾಗಿ ಕಾಣಲೆಂದು ನಡುವಿನ ಗೋಡೆಯನ್ನೇ ಒಡೆಸುತ್ತಾರೆ. ಹಳೆಯ ಕಟ್ಟಡದಲ್ಲಿ ಆ ಗೋಡೆ ಮೇಲಿನ ಮಹಡಿಯನ್ನು ಹೊತ್ತಿರಬಹುದು; ಮಿಸ್ತ್ರಿಗೆ ಅದು ತಿಳಿಯಬೇಕೆಂದೇನೂ ಇಲ್ಲ. ಉಪ್ಪು ಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದ ಬಾಲ್ಕನಿಯ ಮೇಲೆ ಹೊಸ ಟೈಲು, ಕಪಾಟು, ಗಾಜು ಏರುತ್ತವೆ. 2017ರ ಜುಲೈ 25ರಂದು ಘಾಟಕೋಪರದಲ್ಲಿ ನಾಲ್ಕು ಮಹಡಿಯ ಕಟ್ಟಡ ಕುಸಿದು 17 ಜನ ಸತ್ತರು; ನೆಲಮಹಡಿಯಲ್ಲಿ ನಡೆಯುತ್ತಿದ್ದ ಮಾರ್ಪಾಡಿನ ಕೆಲಸದ ಮೇಲೆಯೇ ಆರೋಪ ಬಂತು. ‘ನಮ್ಮ ಮನೆ, ನಮ್ಮ ದುಡ್ಡು’ ಎನ್ನುವವರ ತಲೆಯ ಮೇಲೂ ಯಾರದೋ ಮನೆ ಇದೆ, ಕಾಲ ಕೆಳಗೂ ಇದೆ.

ಇನ್ನು ಊರಿನಿಂದ ಬಂದ ಅಮ್ಮನ ಮಾತು. ಹಿಂದಿ, ಮರಾಠಿ ಬಾರದ ಹಿರಿಯರಿಗೆ ಈ ಊರಿನಲ್ಲಿ ಜಗಲಿ ಎಂದು ಇದ್ದದ್ದು ನಾಲ್ಕಡಿಯ ಬಾಲ್ಕನಿ ಒಂದೇ. ಅಲ್ಲಿ ಕುಳಿತು ಬೀನ್ಸು ಮುರಿಯುತ್ತ, ಪಕ್ಕದ ಬಾಲ್ಕನಿಯ ತಮಿಳು ಮಾಮಿಯೊಡನೆ ಅರ್ಧ ಕೈಸನ್ನೆಯಲ್ಲಿ ಮಾತಾಡುತ್ತ ಅವರ ಹಗಲು ಕಳೆಯುತ್ತಿತ್ತು. ಕೆಳಗೆ ಹೂ ಮಾರುವವಳನ್ನು ಕರೆದರೆ ಕೇಳಿಸುತ್ತಿತ್ತು. ಈಗ ಗಾಜಿನ ಹಿಂದೆ ಕುಳಿತು ಬೀದಿಯನ್ನು ಟಿ.ವಿ.ಯಂತೆ ನೋಡಬೇಕು, ಅದೂ ಶಬ್ದವಿಲ್ಲದ ಟಿ.ವಿ. ಅವರಿಗಾಗಿಯೇ ಜಾಗ ಮಾಡಿದೆವು ಎನ್ನುತ್ತೇವೆ.

‘ಹೇಗೂ ರಿಡೆವಲಪ್‌ಮೆಂಟಿಗೆ ಹೋಗುವ ಕಟ್ಟಡ’ ಎಂಬ ಮಾತಿಗೆ ಉತ್ತರ ಚಿಕ್ಕದು: ಅದು ಹೋಗುವವರೆಗೆ ವಾಸ ಮಾಡುವವರು ನಾವೇ.

ಕೋಣೆ ಬೇಕೇ ಬೇಕೆಂದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಪಾಲಿಕೆಯ ಅನುಮತಿ ಪಡೆಯೋಣ. ನಡುವಿನ ಗೋಡೆ ಹಾಗೇ ಇರಲಿ. ಪೂರ್ತಿ ತೆರೆಯುವ ರೆಕ್ಕೆಬಾಗಿಲು, ಮೇಲೆ ಗಾಳಿಯಾಡುವ ಪಟ್ಟಿ, ಪಶ್ಚಿಮಕ್ಕೆ ಹೊರಗಡೆಯಿಂದ ಬಿದಿರಿನ ತಟ್ಟಿಯಾದರೂ ಸರಿ. ಒಳಗಿನ ಪರದೆ ಬಿಸಿಲು ಒಳಬಂದ ಮೇಲೆ ತಡೆಯುವಂಥದು. ಇಡೀ ಕಟ್ಟಡಕ್ಕೆ ಒಂದೇ ನಮೂನೆ ಇರಬೇಕು. ಓವಲ್ ಮೈದಾನ, ಮರೀನ್ ಡ್ರೈವಿನ ಇದೇ ಕಾಲದ ಕಟ್ಟಡಗಳು 2018ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಮಾಟುಂಗ ಆ ಪಟ್ಟಿಯಲ್ಲಿಲ್ಲ, ನಮ್ಮ ಬಾಲ್ಕನಿ ಕಾಯಲು ಪ್ಯಾರಿಸ್ಸಿನಿಂದ ಯಾರೂ ಬರುವುದಿಲ್ಲ. ಸೊಸೈಟಿಯ ವಾರ್ಷಿಕ ಸಭೆಯಲ್ಲೇ ಇದು ತೀರ್ಮಾನವಾಗಬೇಕು. ಸಭೆಗೆ 14 ದಿನ ಮುಂಚೆ ನೋಟೀಸು ಹೊರಡುತ್ತದೆ. ವಿಷಯ ಕಾರ್ಯಸೂಚಿಗೆ ಬರಬೇಕಾದರೆ ಕಾರ್ಯದರ್ಶಿಗಳ ಕೈಗೆ ನಮ್ಮ ಪತ್ರ ಅದಕ್ಕೂ ಮೊದಲೇ ಸೇರಿರಬೇಕು.