ಲಸಿಕೆ ಕೊಟ್ಟಿಗೆಯ ಬಾಗಿಲಿಗೆ ಬರಲಿ

ದನಗಳ ದೊಡ್ಡ ರೋಗದ ಹೆಸರನ್ನು ಇಂದಿನ ಯುವಕರು ಕೇಳಿಲ್ಲ. ಕೇಳದಿರುವುದೇ ವಿಜ್ಞಾನದ ಗೆಲುವು. ಹಿಂದೆ ಈ ರೋಗ ಊರು ಹೊಕ್ಕರೆ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಜ್ವರ, ಬಾಯಿಹುಣ್ಣು, ಭೇದಿ, ಕೆಲವೇ ದಿನಗಳಲ್ಲಿ ಸಾವು. ಎತ್ತು ಕಳೆದುಕೊಂಡ ರೈತನ ಹೊಲ ಬೀಳು ಬೀಳುತ್ತಿತ್ತು, ತಲೆಯ ಮೇಲೆ ಸಾಲ ಏರುತ್ತಿತ್ತು.

ಈ ಮಾರಿಯನ್ನು ಓಡಿಸಿದ್ದು ಹೇಗೆ? 1925ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ತೆರೆಯಿತು. ಇಂದು ಹೆಬ್ಬಾಳದಲ್ಲಿ ಪಶುಗಳ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ ಅದರದೇ ಮುಂದುವರಿಕೆ. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯ ಆರಂಭವಾಯಿತು. ಮುಂದೆ ವಾಲ್ಟರ್ ಪ್ಲೌರೈಟ್ ಎಂಬ ವಿಜ್ಞಾನಿ ಕೀನ್ಯಾದಲ್ಲಿ ರೋಗಾಣುವನ್ನು ಜೀವಕೋಶಗಳಲ್ಲಿ ಬೆಳೆಸಿ, ಅದರ ಕೆಡುಕಿನ ಶಕ್ತಿ ಇಳಿಸಿ, ಹೊಸ ಲಸಿಕೆ ಸಿದ್ಧಪಡಿಸಿದರು. ಒಂದೇ ಚುಚ್ಚುಮದ್ದಿಗೆ ದೀರ್ಘಕಾಲದ ರಕ್ಷಣೆ. 2011ರಲ್ಲಿ ಇಡೀ ಜಗತ್ತೇ ದೊಡ್ಡ ರೋಗದಿಂದ ಮುಕ್ತವೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ನಂತರ ನೆಲದಿಂದ ಅಳಿದ ಎರಡನೆಯ ರೋಗ ಇದು.

ಇದರ ಪಾಠವೇನು? ಹಣವುಳ್ಳವನ ದನಕ್ಕೆ ಮಾತ್ರ ಲಸಿಕೆ ಹಾಕಿದ್ದರೆ ರೋಗ ಇಂದಿಗೂ ಇರುತ್ತಿತ್ತು. ಬಡವನ ಕೊಟ್ಟಿಗೆಯನ್ನು ಬಿಟ್ಟರೆ ರೋಗಾಣು ಅಲ್ಲೇ ಮನೆ ಮಾಡುತ್ತದೆ.

ಈಗ ಎದುರಿಗಿರುವ ಕಾಲುಬಾಯಿ ಜ್ವರ ಇನ್ನೂ ಕಪಟಿ. ಅದರ ವೈರಾಣುವಿನಲ್ಲಿ ಏಳು ಬಗೆ. ಒಂದರ ಲಸಿಕೆ ಇನ್ನೊಂದನ್ನು ತಡೆಯದು. ಲಸಿಕೆಯ ಬಲವೂ ಕೆಲವು ತಿಂಗಳಲ್ಲಿ ಕುಂದುತ್ತದೆ. ಆದುದರಿಂದಲೇ 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ. 2022ರಲ್ಲಿ ನೊಣ, ಸೊಳ್ಳೆಗಳಿಂದ ಹರಡುವ ಚರ್ಮಗಂಟು ರೋಗ ರಾಜ್ಯವನ್ನು ಕಾಡಿದಾಗ, ಹತ್ತಿರದ ಜಾತಿಯ ವೈರಾಣುವೆಂದು ಮೇಕೆಗಳ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು.

ಇದು ರೈತರ ಗೋಳು ಮಾತ್ರ, ನಮಗೇನು ಎಂದು ಮಿಲ್ ಕಾರ್ಮಿಕರೂ ವರ್ತಕರೂ ಸುಮ್ಮನಿರಲಾಗದು. ಕೂಲಿ ಸಾಲದೆ ಮನೆಯ ಹಿಂದೆ ಒಂದು ಹಸು ಕಟ್ಟಿದ ಕಾರ್ಮಿಕನಿಗೆ ಅದರ ಹಾಲೇ ಅರ್ಧ ಸಂಬಳ. ದನದ ಸಂತೆ ನಿಂತರೆ ಹಗ್ಗ, ಹಿಂಡಿ, ಚಹಾ ಮಾರುವವನ ಗಲ್ಲವೂ ಖಾಲಿ.

ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಹೆಬ್ಬಾಳದಿಂದ ಹೊರಟದ್ದು ನ್ಯಾಮತಿಯ ಹಳ್ಳಿಯ ಕೊಟ್ಟಿಗೆ ಸೇರುವವರೆಗೆ ಆ ತಂಪು ಕೆಟ್ಟರೆ, ಚುಚ್ಚಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಆದ್ದರಿಂದ ಪಶು ಆಸ್ಪತ್ರೆಗಳಲ್ಲಿ ಖಾಲಿ ಹುದ್ದೆಗಳಿದ್ದರೆ ಸರ್ಕಾರ ತಡಮಾಡದೆ ತುಂಬಲಿ. ತಂಪುಪೆಟ್ಟಿಗೆಗಳಿಗೆ ವಿದ್ಯುತ್ತು ತಪ್ಪದಿರಲಿ. ಲಸಿಕೆಯ ದಿನವನ್ನು ಪಂಚಾಯಿತಿ ಮುಂಚಿತವಾಗಿ ಸಾರಲಿ.

ನಮ್ಮ ಹೊಣೆಯೂ ಇದೆ. ಲಸಿಕೆಯಿಂದ ಒಂದೆರಡು ದಿನ ಹಾಲು ಇಳಿದೀತೆಂದು ಹಿಂಜರಿಯಬಾರದು. ಜ್ವರ ಬಂದ ದನವನ್ನು ಸಂತೆಗೆ ಅಟ್ಟಬಾರದು. ದೊಡ್ಡ ರೋಗವನ್ನು ಅಳಿಸಿದ ದೇಶಕ್ಕೆ ಇದು ಅಸಾಧ್ಯವಲ್ಲ. ಕೇಳುವ ಜನ ಬೇಕು, ನಡೆಸುವ ಸರ್ಕಾರ ಬೇಕು.