ಹುಳ ಕಟ್ಟೋಣ, ಮೀನು ತರುವುದು ಬೇಡ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಯಿತು. ಸಮುದ್ರ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ನನಗೆ ಗಾಳದ ಹುಚ್ಚು ಹಿಡಿಸಿದ್ದು ಸಮುದ್ರವಲ್ಲ, ಮೇಲಿನ ಮನೆಯವರ ಮಗ. ಅಮೆರಿಕದಿಂದ ರಜೆಗೆ ಬಂದವನು ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿದ. ಒಳಗೆ ಸಾಲಾಗಿ ಹುಳಗಳು! ಮುಟ್ಟಿ ನೋಡಿದರೆ ಗಾಳಕ್ಕೆ ಗರಿ, ನೂಲು ಸುತ್ತಿ ಕಟ್ಟಿದ್ದು. ಇದಕ್ಕೆ ಅಲ್ಲಿ ಫ್ಲೈ ಅನ್ನುತ್ತಾರಂತೆ. ಅವನು ಹಿಡಿಯುವುದು ಬ್ಲೂಗಿಲ್ ಎಂಬ ಅಂಗೈಯಗಲದ ಕೆರೆ ಮೀನನ್ನು.

ಅದರ ಬಾಯಿ ಚಿಕ್ಕದು, ಹಾಗಾಗಿ ಗಾಳ 10 ಇಲ್ಲವೆ 12ನೇ ನಂಬರಿನದಾಗಬೇಕು. ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು. ಮೀನು ಮೇಲೆ ಬಂದು ತಿನ್ನುತ್ತಿದ್ದರೆ ತೇಲುವ ಹುಳ, ಆಳದಲ್ಲಿದ್ದರೆ ನಿಧಾನವಾಗಿ ಮುಳುಗುವ ಹುಳ. ಎಸೆದ ಮೇಲೆ ಸುಮ್ಮನಿರಬೇಕು, ಆಮೇಲೆ ಒಂದು ಸಣ್ಣ ಜಗ್ಗು. ಅಷ್ಟೇ ವಿದ್ಯೆ. ನಾನೂ ಕಲಿತೆ. ಹರಿದ ಹವಾಯಿ ಚಪ್ಪಲಿಯ ತುಂಡು ಮೈಯಾಯಿತು, ರಬ್ಬರ್ ಬ್ಯಾಂಡ್ ಕಾಲಾಯಿತು, ಕೋಳಿ ಅಂಗಡಿಯಿಂದ ತಂದ ಹುಂಜದ ಕತ್ತಿನ ಗರಿ ರೆಕ್ಕೆಯಾಯಿತು. ಪೆದ್ದ ಜಾಲಾರಿಪೇಟೆಯ ಮೀನುಗಾರ ಅಜ್ಜನೊಬ್ಬ ಅದನ್ನು ನೋಡಿ, "ಇದಿ ಏ ಚೇಪಕಿ ಬಾಬು?" ಎಂದ. ಯಾವ ಮೀನಿಗೆ ಇದು ಅಂತ! ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.

ಮಂಡ್ಯದ ಕಡೆ ಇರುವ ನಮ್ಮಣ್ಣನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು, "ಚಿಕ್ಕಪ್ಪ, ಹುಳ ಯಾಕೆ, ಆ ಮೀನನ್ನೇ ತರಿಸೋಣ. ಅಕ್ವೇರಿಯಂ ಅಂಗಡಿಯೋರು ಏನ್ ಬೇಕಾದ್ರೂ ತರಿಸ್ತಾರಂತೆ. ನಮ್ಮ ಕೆರೆಗೆ ಬಿಟ್ರೆ ಚೆನ್ನಾಗಿರುತ್ತೆ" ಅಂದ. ನನಗೆ ರೇಗಿತು. ಈ ಬರಹ ಆ ಸಿಟ್ಟಿನದೇ.

ಪರಸ್ಥಳದಲ್ಲಿರುವ ನಮ್ಮಂಥವರಿಗೂ ಈ ಚಟ ಇದೆ. ಊರಿಗೆ ಬರುವಾಗ ಏನಾದರೂ ಹೊಸದನ್ನು ಹೊತ್ತು ತಂದರೇ ಮರ್ಯಾದೆ ಎಂಬ ಭ್ರಮೆ. 1960ರಲ್ಲಿ ಜಪಾನಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋಗಿದ್ದಾಗ ಷಿಕಾಗೊ ಮೇಯರ್ ಕೊಟ್ಟ ಉಡುಗೊರೆ ಇದೇ ಬ್ಲೂಗಿಲ್. ಸಾಕಿ ತಿನ್ನಲಿಕ್ಕೆ ಆದೀತೆಂದು ಅವರು ತಂದರು. ಮೀನು ತಪ್ಪಿಸಿಕೊಂಡು ಹಬ್ಬಿತು, ಬಿವಾ ಸರೋವರದಲ್ಲಿ ಅಲ್ಲಿಯದೇ ಮೀನುಗಳ ಮೊಟ್ಟೆ ಮರಿ ತಿಂದಿತು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅದೇ ಅಕಿಹಿತೊ, ತಾನು ತಂದ ಮೀನಿನಿಂದ ಹೀಗಾಯಿತಲ್ಲ ಎಂದು ಸಭೆಯಲ್ಲೇ ನೊಂದುಕೊಂಡರು. ಚಕ್ರವರ್ತಿಗೇ ವಾಪಸು ಹಿಡಿಯಲಾಗದ್ದು ನಮ್ಮ ಹುಡುಗನಿಗೆ ಆದೀತೆ?

ಅಷ್ಟು ದೂರ ಯಾಕೆ? 1952ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕದ ತಿಲಾಪಿಯಾ ಇವತ್ತು ನಮ್ಮೂರ ಜಿಲೇಬಿ ಮೀನು. ಬ್ಲೂಗಿಲ್‌ನಲ್ಲಿ ಗಂಡು ಗೂಡು ಕಾಯುತ್ತದೆ, ಜಿಲೇಬಿಯಲ್ಲಿ ತಾಯಿ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಇಂಥ ತಂದೆ ತಾಯಿ ಇರುವ ಜಾತಿಗಳು ಹೊಸ ನೀರಿನಲ್ಲಿ ಗೆಲ್ಲದೆ ಇರುತ್ತವೆಯೆ? ನಾವು ಚಿಕ್ಕವರಿದ್ದಾಗ ಎರೆಹುಳ ಚುಚ್ಚಿ ಹಿಡಿಯುತ್ತಿದ್ದ ಗೆಂಡೆ, ಚೇಳುಮೀನು ಈಗ ಎಷ್ಟು ಸಿಗುತ್ತವೆ ಅಂತ ಅಣ್ಣನನ್ನು ಕೇಳಿದೆ. "ಬರೀ ಜಿಲೇಬಿ ಕಣೋ" ಅಂದ. ಅಕ್ವೇರಿಯಂನಲ್ಲಿ ಗಾಜು ನೆಕ್ಕಲೆಂದು ಸಾಕಿ, ಬೇಜಾರಾದ ಮೇಲೆ ಹೊಳೆಗೆ ಬಿಟ್ಟ ಮುಳ್ಳುಮೈಯ ಮೀನು ಈ ಆಂಧ್ರದಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದರೂ ಕದ್ದು ಸಾಕುವವರು ನಮ್ಮಲ್ಲಿ ಇದ್ದೇ ಇದ್ದಾರೆ.

ಜಿಲೇಬಿ ಬಡವರ ಮೀನು, ಅದನ್ನೂ ಬೇಡ ಅಂತೀಯಾ ಎಂದು ಕೇಳಬಹುದು. ಖಂಡಿತ ಅನ್ನುವುದಿಲ್ಲ. ಬಂದದ್ದನ್ನು ಹಿಡಿದು ತಿನ್ನಲಿ, ಕಟ್ಟಿದ ಹೊಂಡದಲ್ಲಿ ಲೆಕ್ಕವಿಟ್ಟು ಸಾಕಲಿ. ಆದರೆ ಕೆರೆ ಒಬ್ಬನ ಹೊಂಡವಲ್ಲ. ಕೋಡಿ ಬಿದ್ದರೆ ಅದರ ನೀರು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ಒಬ್ಬನ ಶೋಕಿಗೆ ಇಡೀ ಹೊಳೆಸಾಲು ದಂಡ ತೆರಬೇಕೆ?

ಪರಊರಿನಿಂದ ವಿದ್ಯೆ ತರೋಣ, ಅದು ಯಾರನ್ನೂ ತಿನ್ನುವುದಿಲ್ಲ. ಬ್ಲೂಗಿಲ್‌ಗೆಂದು ಕಲಿತ ಗರಿಯ ಹುಳವನ್ನು ನಮ್ಮ ಗೆಂಡೆಯ ಬಾಯಿಗೆ ತಕ್ಕಂತೆ ಸಣ್ಣದಾಗಿ, ನಮ್ಮ ಕೆರೆಯ ಮೇಲೆ ಹಾರುವ ಹುಳದ ಬಣ್ಣದಲ್ಲಿ ಕಟ್ಟಿದರೆ ಅಮೆರಿಕದ ವಿದ್ಯೆ ಮಂಡ್ಯದ್ದೇ ಆಗುತ್ತದೆ.

ಮೊನ್ನೆ ಹನ್ನೆರಡು ಹುಳ ಕಟ್ಟಿ, ಬೆಂಕಿಪೊಟ್ಟಣದಲ್ಲಿಟ್ಟು ಅಣ್ಣನ ಮಗನಿಗೆ ಕೊರಿಯರ್ ಮಾಡಿದೆ. ಒಂದು ಚೀಟಿಯನ್ನೂ ಇಟ್ಟೆ: "ಗೆಂಡೆ ಕಚ್ಚಿದರೆ ಬಿಟ್ಟುಬಿಡು, ಜಿಲೇಬಿ ಕಚ್ಚಿದರೆ ಸಾರಿಗೆ ಹಾಕು. ಹೊಸದು ಏನನ್ನೂ ನೀರಿಗೆ ಬಿಡಬೇಡ."