ಮಸೀದಿಯ ಕಲ್ಲಿನಲ್ಲಿ ಕನ್ನಡ

ಗೆಳೆಯರೇ, ರಜೆ ಬಂದರೆ ಗುಂಪು ಕಟ್ಟಿಕೊಂಡು ಹಂಪಿಗೆ ಹೋಗುತ್ತೀರಿ. ಕಲ್ಲಿನ ರಥದ ಮುಂದೆ ಫೋಟೋ, ವಿರೂಪಾಕ್ಷನಿಗೊಂದು ನಮಸ್ಕಾರ, ಸಂಜೆಗೆ ಹೊಸಪೇಟೆ ಬಸ್ಸು. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಎಂದಾದರೂ ಇಳಿದಿದ್ದೀರಾ?

ಅಲ್ಲೊಂದು ಮಸೀದಿಯಿದೆ. 1439ರಲ್ಲಿ ಕಟ್ಟಿಸಿದವನು ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್. ಗುಮ್ಮಟವಿಲ್ಲ, ಮಿನಾರಿಲ್ಲ. ಕಲ್ಲುಕಂಬ, ತೊಲೆ, ಚಪ್ಪಡಿ. ದೂರದಿಂದ ನಮ್ಮೂರ ಗುಡಿಯ ಮಂಟಪವೇ! ಒಳಗೋಡೆಯ ಗೂಡು ಕಂಡಮೇಲೆಯೇ ಮಸೀದಿ ಎಂದು ತಿಳಿಯುವುದು. ಅದಕ್ಕಿಂತ ದೊಡ್ಡದು ಅದರ ಶಾಸನ. ಪಾರಸಿಯಲ್ಲ, ಅರಬ್ಬಿಯಲ್ಲ, ಕನ್ನಡ! ಒಡೆಯ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಮಸೀದಿಯನ್ನು ಅದು ಕರೆಯುವುದು ‘ಧರ್ಮಸಾಲೆ’ ಎಂದು.

‘ಕನ್ನಡ ನಮ್ಮದು, ಅವರದ್ದು ಉರ್ದು’ ಎಂದು ನಮ್ಮ ಸಭೆಗಳಲ್ಲೇ ಕೆಲವರು ಗುಡುಗುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. 580 ವರ್ಷಗಳ ಹಿಂದೆಯೇ ಮಸೀದಿಯ ಕಲ್ಲಿಗೆ ಕನ್ನಡ ಕೆತ್ತಿಸಿದವನಿಗೆ ಇವರು ಏನು ಉತ್ತರ ಕೊಡುತ್ತಾರೆ? ನನ್ನ ಪ್ರೆಸ್ಸಿಗೆ ಉರುಸಿನ ಕರಪತ್ರ ಕನ್ನಡದಲ್ಲೇ ಬರುತ್ತದೆ. ಮದುವೆ ಪತ್ರಿಕೆ ಇಂಗ್ಲಿಷಿನಲ್ಲೇ ಬೇಕೆಂದು ಹಟ ಹಿಡಿಯುವವರು ಯಾರೆಂದು ಹೇಳಿದರೆ ನಿಮಗೇ ಬೇಜಾರಾದೀತು.

ಈ ಶಾಸನದ ತಿರುಳು ಇಂದಿನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಹೊಸಪೇಟೆ ಬಸ್ ನಿಲ್ದಾಣದಲ್ಲಿ ನಿಲ್ಲಬೇಕು. ಪುರಾತತ್ವದವರಿಗೂ ಸಾರಿಗೆಯವರಿಗೂ ಬರೆಯಿರಿ. ಮುಂದಿನ ಸಲ ಹೋದಾಗ ಕಡ್ಡಿರಾಂಪುರದ ಗೋರಿಗಳನ್ನೂ ನೋಡಿ ಬನ್ನಿ. ಮನವಿ ಪತ್ರ ಅಚ್ಚು ಹಾಕುವುದು ನನ್ನ ಪಾಲಿಗಿರಲಿ, ಕಾಸು ಬೇಡ.